ಇಟಲಿಗೆ ಹೊರಟ ಗೆಳೆಯನಿಗೆ: ಮೆನುವಿನಲ್ಲಿ ಕಾಣದ ನಾಲ್ಕು

ಪ್ರಿಯ ಗೆಳೆಯಾ,

ಅಪ್ಪ ಅಮ್ಮನನ್ನು ಕರೆದುಕೊಂಡು ಇಟಲಿಗೆ ಹೊರಟಿದ್ದೀಯ, ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಅಲ್ಲಿ ಊಟಕ್ಕೆ ಏನು ಗತಿ ಎಂದು ಕೇಳಿದ್ದೆ. ಉಪವಾಸ ಬೀಳುವ ದೇಶವಲ್ಲ ಅದು. ಕಾಳು, ಸೊಪ್ಪು, ಬದನೆಕಾಯಿ, ಆಲಿವ್ ಎಣ್ಣೆ ಅಲ್ಲಿನ ದಿನನಿತ್ಯದ ಅಡುಗೆ. ಎಡವಟ್ಟಾಗುವುದು ತಟ್ಟೆಯಲ್ಲಿ ಕಾಣದ ನಾಲ್ಕು ಪದಾರ್ಥಗಳಿಂದ: ಮಾಂಸದ ಸಾರು, ಹಂದಿ ಕೊಬ್ಬು, ಆಂಚೊವಿ ಮೀನು, ಚೀಸ್ ಮಾಡಲು ಹಾಲನ್ನು ಗಟ್ಟಿಗೊಳಿಸುವ, ಎಳೆಗರುವಿನ ಹೊಟ್ಟೆಯಿಂದ ತೆಗೆಯುವ ರೆನೆಟ್.

'ವೆಜಿತರಿಯಾನೊ' ಎಂದರೆ ಅವರ ಲೆಕ್ಕದಲ್ಲಿ ಮೊಟ್ಟೆ ತಿನ್ನುವವರು. ಬರೀ 'ಕಾರ್ನೆ ಬೇಡ' ಎಂದರೆ ಟ್ಯೂನಾ ಮೀನು ಬಂದೀತು. ಹಾಗಾಗಿ ಒಂದೊಂದನ್ನೂ ಬಿಡಿಸಿ ಹೇಳು: 'ನಿಯೆಂತೆ ಕಾರ್ನೆ, ನಿಯೆಂತೆ ಪೆಶೆ, ನಿಯೆಂತೆ ವೋವ' (ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ). ಯುರೋಪಿನ ನಿಯಮದ ಪ್ರಕಾರ 14 ಅಲರ್ಜಿ ಪದಾರ್ಥಗಳ ಮಾಹಿತಿಯನ್ನು ಹೋಟೆಲಿನವರು ಗಿರಾಕಿಗೆ ಕೊಡಲೇಬೇಕು. ಅದರಲ್ಲಿ ಮೊಟ್ಟೆಯೂ ಇದೆ, ಮೀನೂ ಇದೆ. ಆದರೆ ಹಂದಿ ಕೊಬ್ಬು, ಮಾಂಸದ ಸಾರು, ಜೆಲಾಟಿನ್ (ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಅಂಟು), ರೆನೆಟ್ ಆ ಪಟ್ಟಿಗೆ ಸೇರಿಲ್ಲ. ಪಟ್ಟಿ ನೋಡಿ ನಿಶ್ಚಿಂತರಾಗುವವರು ಬೇಸ್ತು ಬೀಳುವುದು ಇಲ್ಲೇ.

ಸಾರಿನ ವಿಷಯಕ್ಕೆ ಬಂದರೆ, ರಿಜೊತ್ತೊ ಎಂಬ ಅನ್ನದ ಅಡುಗೆ ಮೊದಲ ಅನುಮಾನ. ಅಣಬೆ ರಿಜೊತ್ತೊ ಎಂದು ಬರೆದಿದ್ದರೂ ಅಕ್ಕಿ ಬೆಂದಿರುವುದು ದನದ ಅಥವಾ ಕೋಳಿಯ ಸಾರಿನಲ್ಲಿರಬಹುದು. ಮಿನೆಸ್ತ್ರೋನೆ ಸೂಪಿಗೂ ಇದೇ ಮಾತು. 'ಬ್ರೋದೊ ವೆಜೆತಾಲೆ?' (ತರಕಾರಿ ಸಾರೇ?) ಎಂದು ಕೇಳು.

ಹಂದಿ ಕೊಬ್ಬಿಗೆ ಅಲ್ಲಿ 'ಸ್ತ್ರುತ್ತೊ' ಎನ್ನುತ್ತಾರೆ. ಇದು ಬೇಕರಿ ತಿಂಡಿಗಳಲ್ಲಿ ಅಡಗಿರುತ್ತದೆ. ರೊಮಾನ್ಯ ಸೀಮೆಯ ಪಿಯಾದಿನ ನೋಡಲು ನಮ್ಮ ಚಪಾತಿಯ ಹಾಗೇ ಇದೆ, ಆದರೆ ಹಿಟ್ಟಿಗೆ ಸ್ತ್ರುತ್ತೊ ಹಾಕುತ್ತಾರೆ, ಇಲ್ಲವೇ ಆಲಿವ್ ಎಣ್ಣೆ. ಎರಡೂ ರೂಢಿಯಲ್ಲಿರುವುದರಿಂದ ಕೇಳದೆ ತಿನ್ನಬೇಡ. ಬೊಲೊನ್ಯ ಸುತ್ತಿನ ಎಮಿಲಿಯ-ರೊಮಾನ್ಯ ಸಸ್ಯಾಹಾರಿಗೆ ಕಷ್ಟದ ಪ್ರಾಂತ್ಯ; ಅಲ್ಲಿನ ತಾಜಾ ಪಾಸ್ತಾಕ್ಕೂ ಮೊಟ್ಟೆ ಬಿದ್ದಿರುತ್ತದೆ. ಸಿಸಿಲಿಯ ಕನ್ನೋಲಿ ಎಂಬ ಸಿಹಿಯ ಗರಿಗರಿ ಕೊಳವೆಗೂ ಸಾಂಪ್ರದಾಯಿಕವಾಗಿ ಸ್ತ್ರುತ್ತೊ ಹಾಕುತ್ತಾರೆ. ಕೋಡುಬಳೆಯನ್ನು ನೆನಪಿಸುವ ತರಾಲ್ಲಿಯಲ್ಲಿ ಎರಡು ಬಗೆ: ಪುಲ್ಯ ಕಡೆಯದ್ದಕ್ಕೆ ಆಲಿವ್ ಎಣ್ಣೆ ಮತ್ತು ಬಿಳಿ ವೈನ್, ನೇಪಲ್ಸ್‌ನ ಕರಿಮೆಣಸಿನ ತರಾಲ್ಲಿಗೆ ಹಂದಿ ಕೊಬ್ಬು.

ಹೆಸರುಗಳು ಬಹಳ ಆಟ ಆಡಿಸುತ್ತವೆ. ನಾವಿಕರ ಹೆಸರು ಹೊತ್ತ 'ಮರಿನಾರ' ಪಿಜ್ಜಾದಲ್ಲಿ ಮೀನಿಲ್ಲ, ಚೀಸೂ ಇಲ್ಲ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ. ರೋಮ್‌ನಲ್ಲಿ 'ನಾಪೊಲಿ' ಪಿಜ್ಜಾ ಎಂದರೆ ಆಂಚೊವಿ ಇರುತ್ತದೆ. ನೇಪಲ್ಸ್‌ನಲ್ಲಿ ಅದಕ್ಕೇ 'ರೊಮಾನ' ಎನ್ನುತ್ತಾರೆ, ಒಬ್ಬರ ಮೇಲೊಬ್ಬರು ಹೊರಿಸಿದ ಹಾಗೆ. 'ಅರ್ರಬ್ಯಾತ' ಪಾಸ್ತಾ ಬರೀ ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಅಪ್ಪನಿಗೆ ಹಿಡಿಸುತ್ತದೆ. ಅಷ್ಟೇ ಕೆಂಪಗಿರುವ 'ಅಮಾತ್ರಿಚಾನ'ದಲ್ಲಿ ಹಂದಿಯ ಕೆನ್ನೆ ಮಾಂಸ. ಸಿಸಿಲಿಯಲ್ಲಿ 'ಬೆಣ್ಣೆಯ' ಅರಂಚೀನ ಎಂದು ಮಾರುವ ಅನ್ನದ ಉಂಡೆಯೊಳಗೆ ಹ್ಯಾಮ್ ಇರುತ್ತದೆ. ಇದಕ್ಕೆ ತದ್ವಿರುದ್ಧ, ಫ್ಲಾರೆನ್ಸ್‌ನ 'ಫಜೋಲಿ ಅಲ್ಲುಚ್ಚೆಲ್ಲೆತ್ತೊ' ಹೆಸರಲ್ಲಿ ಪುಟ್ಟ ಹಕ್ಕಿ ಇದೆ, ಪಾತ್ರೆಯಲ್ಲಿರುವುದು ಹುರುಳಿಕಾಯಿ ಜಾತಿಯ ಬಿಳಿ ಬೀನ್ಸ್ ಕಾಳು, ಟೊಮೆಟೊ, ಸೇಜ್ ಎಲೆ. ರೋಮ್‌ನ ಕುಂಬಳ ಹೂವಿನ ಬಜ್ಜಿ ಕಂಡು ಕೈ ಚಾಚಬೇಡ, ಒಳಗೆ ಮೊಜ್ಜರೆಲ್ಲ ಜೊತೆ ಆಂಚೊವಿ ತುಂಬಿರುತ್ತಾರೆ. 'ಸೆನ್ತ್ಸ ಅಲಿಚಿ' ಎಂದರೆ ಆಂಚೊವಿ ಬೇಡ ಎಂದರ್ಥ.

ಇನ್ನು ಚೀಸ್. ಪಾರ್ಮಿಜಾನೊ ರೆಜಾನೊ ಮತ್ತು ಗ್ರಾನ ಪದಾನೊಗಳ ಹಾಲನ್ನು ಗಟ್ಟಿ ಮಾಡುವುದು ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಪೆಕೊರಿನೊ ರೊಮಾನೊಗೆ ಕುರಿಮರಿಯದ್ದು. ಆ ಹೆಸರಿಟ್ಟು ಮಾರಬೇಕಾದರೆ ಅದೇ ವಿಧಾನ ಅನುಸರಿಸಬೇಕೆಂಬ ನಿಯಮವಿರುವುದರಿಂದ ಇವುಗಳಲ್ಲಿ ಸಸ್ಯಾಹಾರಿ ನಮೂನೆ ಸಿಗುವುದಿಲ್ಲ. ಗ್ರಾನ ಪದಾನೊಗೆ ಮೊಟ್ಟೆಯಿಂದ ತೆಗೆದ ಲೈಸೊಜೈಮ್ ಎಂಬ ಕಿಣ್ವವೂ ಸೇರಿರಬಹುದು. ಜೆನೋವಾದ ಹಸಿರು ಪೆಸ್ಟೊದಲ್ಲಿ ಪಾರ್ಮಿಜಾನೊ ಅರೆದೇ ಇರುತ್ತಾರೆ. ಸೂಪರ್‌ಮಾರ್ಕೆಟ್‌ನಲ್ಲಿ ಪೊಟ್ಟಣದ ಹಿಂದೆ 'ಕಾಲ್ಯೊ' (ರೆನೆಟ್) ಎಂಬ ಪದ ಹುಡುಕು. ಪಕ್ಕದಲ್ಲಿ 'ವೆಜೆತಾಲೆ' ಅಥವಾ 'ಮಿಕ್ರೊಬ್ಯಾನೊ' ಎಂದಿದ್ದರೆ ತೊಂದರೆಯಿಲ್ಲ. ಮಸ್ಕರ್‌ಪೋನೆ ಹುಳಿಯಿಂದ ಒಡೆಸಿದ್ದು, ರೆನೆಟ್ ಬೇಡದ್ದು, ನಮ್ಮ ಪನೀರಿನ ನಂಟ ಎನ್ನು. ಹಾಗೆಂದು ಅದರಿಂದ ಮಾಡುವ ತಿರಮಿಸು ಎಂಬ ಸಿಹಿ ಕೊಡಿಸಬೇಡ, ಅದರಲ್ಲಿ ಹಸಿ ಮೊಟ್ಟೆ ಇರುತ್ತದೆ. ಪನ್ನಕೊತ್ತ ಎಂಬ ಕೆನೆಯ ಸಿಹಿಗೆ ಜೆಲಾಟಿನ್. ಅಮ್ಮನಿಗೆ ಹಣ್ಣಿನ ಸೊರ್ಬೆತ್ತೊ ವಾಸಿ, ಮೊಟ್ಟೆ ಇಲ್ಲವೇ ಎಂದೊಮ್ಮೆ ಕೇಳಿಕೊ. ರೆನೆಟ್ ಬಗ್ಗೆ ಅಮ್ಮ ಎಷ್ಟು ಕಟ್ಟುನಿಟ್ಟು ಎಂಬುದನ್ನು ಇಲ್ಲೇ ಮಾತಾಡಿಕೊಂಡು ಹೋಗು. ಪಿಜ್ಜಾ ಅಂಗಡಿಯಲ್ಲಿ ನಿಂತು ತೀರ್ಮಾನಿಸುವ ವಿಷಯವಲ್ಲ ಅದು.

ಧೈರ್ಯವಾಗಿ ತಿನ್ನಿಸಬಹುದಾದ್ದು? ಒಣ ಪಾಸ್ತಾ ಸಾಮಾನ್ಯವಾಗಿ ಬರೀ ಗೋಧಿ ರವೆ ಮತ್ತು ನೀರು. ಮೇಲೆ ಟೊಮೆಟೊ ಸಾಸ್, 'ಸೆನ್ತ್ಸ ಫೊರ್ಮಾಜೊ' (ಚೀಸ್ ಬೇಡ). ಜೆನೋವಾದ ಫರಿನಾತ, ಪೀಸಾದಲ್ಲಿ ಚೆಚೀನ: ಒಂದು ಪಾಲು ಕಡಲೆಹಿಟ್ಟು, ಸುಮಾರು ಮೂರು ಪಾಲು ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ ಕೆಲವು ಗಂಟೆ ಬಿಟ್ಟು ಓವನ್‌ನಲ್ಲಿ ಬೇಯಿಸಿದ ದೋಸೆ. ಪಲೆರ್ಮೊದಲ್ಲಿ ಅದೇ ಹಿಟ್ಟನ್ನು ಕಾಯಿಸಿ, ಆರಿಸಿ, ಕತ್ತರಿಸಿ ಕರಿದು ಬನ್ನಿನೊಳಗಿಟ್ಟರೆ ಪನೆಲ್ಲೆ. ಕರಿದ ಎಣ್ಣೆಯಲ್ಲಿ ಮೀನೂ ಬಿದ್ದಿದೆಯೇ ಎಂದು ಮಾತ್ರ ಕೇಳಿಕೊ. ಪುಲ್ಯಕ್ಕೆ ಹೋದರೆ ಒಣ ಫಾವಾ ಬೇಳೆಯನ್ನು ಬೇಯಿಸಿ ಮಸೆದು, ಕಹಿ ಸೊಪ್ಪಿನ ಜೊತೆ ಕೊಡುವ 'ಫಾವೆ ಎ ಚಿಕೋರಿಯ' ಬಿಡಬೇಡ. ಇಡೀ ದೇಶದಲ್ಲಿ ನಮ್ಮ ಬಸ್ಸಾರಿಗೆ ಇಷ್ಟು ಹತ್ತಿರದ್ದು ಇನ್ನೊಂದಿಲ್ಲ. ಉತ್ತರದ ಪೊಲೆಂತ ಮೆಕ್ಕೆಜೋಳದ ಮುದ್ದೆ. ರೆಸ್ಟೊರೆಂಟಿನಲ್ಲಿ ಮಾಂಸದ 'ಸೆಕೊಂದಿ' (ಎರಡನೇ ಸುತ್ತು) ಬಿಟ್ಟು, ಒಂದು 'ಪ್ರಿಮೊ' (ಪಾಸ್ತಾ, ಸೂಪಿನಂಥ ಮೊದಲ ಸುತ್ತು) ಮತ್ತು ಎರಡು 'ಕೊಂತೊರ್ನಿ' (ಪಲ್ಯ) ಹೇಳಿದರೆ ಹೊಟ್ಟೆ ತುಂಬುತ್ತದೆ.

ಸಮಯ ನೋಡಿಕೊ. ಬಹಳಷ್ಟು ಅಡುಗೆಮನೆಗಳು ಮಧ್ಯಾಹ್ನ ಸುಮಾರು 2.30ಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು 7 ಗಂಟೆಯ ಮೇಲೆ. ಆ ಹೊತ್ತಿನಲ್ಲಿ ರೋಮ್‌ನಲ್ಲಿದ್ದರೆ ತೂಕಕ್ಕೆ ಮಾರುವ ಪಿಜ್ಜಾ ಅಂಗಡಿ ಹುಡುಕು. ಟೊಮೆಟೊ ಮಾತ್ರ ಬಳಿದ 'ರೊಸ್ಸ' ತೋರಿಸಿ 'ದುಯೆ ಎತ್ತಿ' ಎಂದರೆ 200 ಗ್ರಾಂ ಕತ್ತರಿಸಿ ಕೊಡುತ್ತಾರೆ. ಅಲ್ಲೇ ತೆರ್ಮಿನಿ ನಿಲ್ದಾಣದ ಹತ್ತಿರ ಎಸ್ಕ್ವಿಲೀನೊ ಮಾರುಕಟ್ಟೆಯಲ್ಲಿ ಹಸಿಮೆಣಸಿನಕಾಯಿ, ಕೊತ್ತಂಬರಿ, ಬೆಂಡೆಕಾಯಿ ಸಿಗುತ್ತದೆ. ಅಡುಗೆಮನೆ ಇರುವ ಮನೆ ಬಾಡಿಗೆಗೆ ಹಿಡಿದಿದ್ದರೆ ಉಪಯೋಗ.

ಚಟ್ನಿಪುಡಿ ಧಾರಾಳವಾಗಿ ಒಯ್ಯಿ. ತುಪ್ಪದ ಡಬ್ಬಿ, ಪೇಡ ಮಾತ್ರ ಬೇಡವೆಂದು ಅಮ್ಮನಿಗೆ ಹೇಳು. ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರುವುದಕ್ಕೆ ಯುರೋಪಿನಲ್ಲಿ ನಿಷೇಧವಿದೆ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಂಡಾರು.

ಯಾವ ಯಾವ ಊರು ಎಂದು ಗೊತ್ತಾದ ಮೇಲೆ ಬರೆ.

ನಿನ್ನ ಗೆಳೆಯ