ನಮ್ಮದೇ ಮನೆಗೆ ಹೋಗಲು ಬ್ಯಾಂಕಿನ ಒಪ್ಪಿಗೆ

ಮಾನ್ಯ ಸಂಪಾದಕರೇ,

ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮದೊಂದು ಮನೆ ಇದೆ. ಬಾಡಿಗೆ ಆದಾಯದ ಮೇಲೆಯೇ ಸಾಲ ಪಡೆದು ಮೇಲಿನ ಮಹಡಿ ಕಟ್ಟಿಸಿದ್ದೆವು. ಎರಡೂ ಮನೆಗಳ ಬಾಡಿಗೆ ನೇರ ಸಾಲದ ಖಾತೆಗೆ ಹೋಗುತ್ತದೆ. ನಾವಿರುವುದು ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ. ನಮ್ಮ ಯಜಮಾನರಿಗೆ ಹೃದಯದ ಆಪರೇಷನ್ ಆಗಿದೆ, ಆಸ್ಪತ್ರೆ ಹತ್ತಿರವೇ ಇರಿ ಎಂದು ಡಾಕ್ಟರ್ ಹೇಳಿದ್ದಾರೆ. ಮಳೆಗಾಲದಲ್ಲಿ ಮರ ಬಿದ್ದರೆ ನಮ್ಮೂರ ರಸ್ತೆಯೇ ಬಂದ್. ಅದಕ್ಕೇ ಕೆಳಗಿನ ಮನೆಯಲ್ಲಿ ನಾವೇ ಇರೋಣ ಅಂದುಕೊಂಡೆವು. ಬಾಡಿಗೆದಾರರು, ಪಾಪ ಒಳ್ಳೆಯವರು, ಬಿಟ್ಟುಕೊಡಲು ಒಪ್ಪಿದರು. ಬ್ಯಾಂಕ್ ಒಪ್ಪಲಿಲ್ಲ. ಬಾಡಿಗೆ ನಿಂತರೆ ಷರತ್ತು ಮುರಿದಂತೆ, ಮೊದಲು ಗೃಹಸಾಲಕ್ಕೆ ಬದಲಾಯಿಸಿಕೊಳ್ಳಿ ಎಂದರು. ನಿವೃತ್ತರಿಗೆ ಹೊಸ ಗೃಹಸಾಲ ಅಷ್ಟು ಸುಲಭಕ್ಕೆ ಸಿಗುತ್ತದೆಯೇ?

ಬಾಡಿಗೆ ನಂಬಿ ಕೊಟ್ಟ ಸಾಲ, ಷರತ್ತು ಇರಲಿ. ಆದರೆ ಸಹಿ ಹಾಕಿಸುವಾಗ ಒಬ್ಬರಾದರೂ ಹೇಳಬೇಕಿತ್ತು ಅಲ್ವಾ? ಕರಾರು ಪತ್ರ ಪೂರ್ತಿ ಇಂಗ್ಲಿಷ್. ಪುಟಪುಟಕ್ಕೂ ಪೆನ್ಸಿಲಿನ ಇಂಟು ಗುರುತು, ಅಲ್ಲಲ್ಲೇ ಸಹಿ, ಅಷ್ಟೇ.

2024ರ ಅಕ್ಟೋಬರ್ 1ರಿಂದ ಹೊಸ ರಿಟೇಲ್ ಸಾಲಗಳಿಗೆ (ಅಂದರೆ ನಮ್ಮಂಥ ವ್ಯಕ್ತಿಗಳು ಪಡೆಯುವ ಸಾಲಗಳಿಗೆ) ಸಾಲದ ಮುಖ್ಯ ವಿವರಗಳನ್ನು ಸರಳವಾಗಿ ತಿಳಿಸುವ ‘ಮುಖ್ಯ ಮಾಹಿತಿ ಪತ್ರ’ ಕೊಡಬೇಕು, ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ನಮ್ಮ ಸಾಲ ಅದಕ್ಕಿಂತ ಹಳೆಯದು. ಹಳಬರಿಗೂ ಕೇಳಿದರೆ ಷರತ್ತುಗಳನ್ನು ಕನ್ನಡದಲ್ಲಿ ಕೊಡಲಿ. ಮಾಲೀಕರೇ ವಾಸಕ್ಕೆ ಬಂದರೆ ಏನು ಮಾಡಬೇಕು ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ. ಆರೋಗ್ಯದ ಕಾರಣಕ್ಕೆ ಬರುವವರಿಗೆ ಪಿಂಚಣಿಯಿಂದಲೇ ಕಂತು ಕಟ್ಟಲು ಬಿಡಲಿ. ನಾವು ಕಟ್ಟಲು ತಯಾರಿದ್ದೇವೆ.

— ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು