ದಾಸ್ತಾನು ಯಾರದು, ಬಡ್ಡಿ ಯಾರದು?

ಮಾನ್ಯ ಸಂಪಾದಕರೇ,

ಯುದ್ಧ, ಸುಂಕ, ರಫ್ತು ನಿರ್ಬಂಧಗಳ ನಡುವೆ ಕಂಪನಿಗಳು ತಮ್ಮ ಪೂರೈಕೆ ಸರಪಳಿಯನ್ನು ಹೇಗೆ ಗಟ್ಟಿ ಮಾಡಿಕೊಳ್ಳುತ್ತಿವೆ ಎಂಬ ಬಗ್ಗೆ ವಾಣಿಜ್ಯ ಪುಟಗಳಲ್ಲಿ ಈಚೆಗೆ ಸಾಕಷ್ಟು ಬರಹಗಳು ಬರುತ್ತಿವೆ. ಅವುಗಳಲ್ಲಿ ಮಾತನಾಡುವವರು ಹೆಚ್ಚಾಗಿ ದೊಡ್ಡ ಕಂಪನಿಗಳ ಮುಖ್ಯಸ್ಥರು, ಇಲ್ಲವೇ ಅವರಿಗೆ ಸಲಹೆ ಕೊಡುವವರು. ಪೀಣ್ಯದಲ್ಲಿ ಹದಿನೆಂಟು ಜನ ದುಡಿಯುವ ಒಂದು ಮೆಷಿನ್ ಶಾಪ್ ನಡೆಸುತ್ತಿರುವ ನಾನು ಅದೇ ಸರಪಳಿಯ ಮೂರನೆಯದೋ ನಾಲ್ಕನೆಯದೋ ಕೊಂಡಿ. ಅದು ಗಟ್ಟಿಯಾಗುತ್ತಿರುವುದು ಎಲ್ಲಿ, ಜಗ್ಗುತ್ತಿರುವುದು ಎಲ್ಲಿ ಎಂಬುದು ಇಲ್ಲಿಂದ ಸ್ವಲ್ಪ ಬೇರೆಯಾಗಿಯೇ ಕಾಣುತ್ತದೆ.

ನಾವು ವಿದ್ಯುತ್ ಚಾಲಿತ ದ್ವಿಚಕ್ರ ವಾಹನಗಳ ಮೋಟರ್‌ಗೆ ಬೇಕಾದ ಶಾಫ್ಟ್ ತಯಾರಿಸಿ, ಅದರ ಮೇಲೆ ಸ್ಟ್ಯಾಂಪಿಂಗ್ ತಗಡುಗಳ ಅಟ್ಟಿಯನ್ನು ಕೂರಿಸಿ, ಮೋಟರಿನೊಳಗೆ ತಿರುಗುವ ಭಾಗವಾದ ರೋಟರ್ ಮಾಡಿ ಕಳಿಸುತ್ತೇವೆ. ಅದರ ಸುತ್ತ ಇರುವ ಸಣ್ಣ ಸೀಳುಗಳೊಳಗೆ ತೆಳುವಾದ ಮ್ಯಾಗ್ನೆಟ್ ಬಿಲ್ಲೆಗಳನ್ನು ಅಂಟಿಸುವ ಕೆಲಸ ಮಾತ್ರ ನಮ್ಮ ಗ್ರಾಹಕ ಕಂಪನಿಯಲ್ಲೇ ಆಗುತ್ತದೆ. ಮೋಟರ್ ಓಡುವಾಗ ಬಿಸಿಯಾಗುತ್ತದೆ, ಬಿಸಿಯಾದ ಮ್ಯಾಗ್ನೆಟ್ ಬಲ ಕಳೆದುಕೊಳ್ಳುತ್ತದೆ. ಹಾಗಾಗದಂತೆ ನಿಯೋಡಿಮಿಯಂ ಮ್ಯಾಗ್ನೆಟ್‌ಗೆ ಒಗ್ಗರಣೆಯಷ್ಟು ಡಿಸ್ಪ್ರೋಸಿಯಂ ಅಥವಾ ಟರ್ಬಿಯಂ ಸೇರಿಸುತ್ತಾರೆ. ಚೀನಾ 2025ರ ಏಪ್ರಿಲ್ 4ರಂದು ರಫ್ತು ಪರವಾನಗಿಯ ಬಿಗಿಗೆ ತಂದ ಏಳು ಅಪರೂಪದ ಭೂಖನಿಜಗಳಲ್ಲಿ ಈ ಎರಡೂ ಇದ್ದವು, ಅವುಗಳಿಂದಾದ ಮ್ಯಾಗ್ನೆಟ್‌ಗಳೂ ಇದ್ದವು. ಜಗತ್ತಿನ ಇಂಥ ಮ್ಯಾಗ್ನೆಟ್‌ಗಳಲ್ಲಿ ಸುಮಾರು ಶೇ 90ರಷ್ಟು ತಯಾರಾಗುವುದು ಆ ದೇಶದಲ್ಲೇ. ಅದು ಪೂರ್ತಿ ನಿಷೇಧವೇನೂ ಆಗಿರಲಿಲ್ಲ. ಕೊಂಡವರು ಅದನ್ನು ಯಾವುದಕ್ಕೆ ಬಳಸುತ್ತಾರೆ ಎಂಬ ದೃಢೀಕರಣ ಪತ್ರ ಕೊಟ್ಟು, ಅರ್ಜಿ ಹಾಕಿ, ಕಾಯಬೇಕಿತ್ತು, ಅಷ್ಟೆ. ಆ ಕಾಯುವಿಕೆಯೇ ಸಾಕಾಯಿತು. ಮೇ ತಿಂಗಳಿನಲ್ಲಿ ಸುಜುಕಿ ಜಪಾನಿನಲ್ಲಿ ಸ್ವಿಫ್ಟ್ ಕಾರಿನ ಉತ್ಪಾದನೆ ನಿಲ್ಲಿಸಿತು, ಫೋರ್ಡ್ ಷಿಕಾಗೋದ ಕಾರ್ಖಾನೆಯನ್ನು ಒಂದು ವಾರ ಮುಚ್ಚಿತು. ಅಂಥವರಿಗೇ ಹಾಗಾದಾಗ ನಮ್ಮ ಗ್ರಾಹಕರು ತತ್ತರಿಸಿದ್ದರಲ್ಲಿ ಆಶ್ಚರ್ಯವಿಲ್ಲ, ಅವರನ್ನು ದೂರುವುದೂ ಸರಿಯಲ್ಲ.

ನಾನು ಹೇಳಬೇಕಾಗಿರುವುದು ಆಮೇಲಿನ ಕಥೆ. ಜೂನ್ ತಿಂಗಳ ಒಂದು ಸಂಜೆ ಕಂಪನಿಯ ಪೋರ್ಟಲ್‌ನಲ್ಲಿ ಮುಂದಿನ ನಾಲ್ಕು ವಾರಗಳ ಶೆಡ್ಯೂಲ್ ಸೊನ್ನೆಗೆ ಇಳಿದಿತ್ತು. ಬೆಳಿಗ್ಗೆ ಲಾರಿಗೆ ಹೇರಬೇಕೆಂದು ತುಕ್ಕು ಹಿಡಿಯದಂತೆ ಎಣ್ಣೆ ಬಳಿದು, ಪ್ಲಾಸ್ಟಿಕ್ ಹಾಳೆ ಸುತ್ತಿ, ಕ್ರೇಟುಗಳಲ್ಲಿ ಜೋಡಿಸಿಟ್ಟಿದ್ದ ರೋಟರ್‌ಗಳು ಖಾಲಿ ಸೀಳುಗಳನ್ನು ತೆರೆದುಕೊಂಡು ಅಲ್ಲೇ ಉಳಿದವು. ಪರ್ಚೇಸ್ ವಿಭಾಗದವರಿಗೆ ಫೋನ್ ಮಾಡಿದರೆ, ‘ನಮ್ಮ ಕೈಯಲ್ಲೂ ಏನಿಲ್ಲ ಸರ್, ಮ್ಯಾಗ್ನೆಟ್ ಬಂದ ದಿನ ತಗೊಳ್ತೀವಿ’ ಎಂದರು. ಆ ಹುಡುಗ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಉಕ್ಕಿನ ವ್ಯಾಪಾರಿಗೆ ನಾನು ಆಗಲೇ ಹಣ ಕೊಟ್ಟಾಗಿತ್ತು. ಹದಿನೆಂಟು ಜನರ ಸಂಬಳ, ಶೆಡ್ಡಿನ ಬಾಡಿಗೆ, ಮೆಷಿನ್ ಸಾಲದ ಕಂತು ಯಾವುದೂ ಮ್ಯಾಗ್ನೆಟ್‌ಗಾಗಿ ಕಾಯುವಂಥವಲ್ಲ. ಓಡದೆ ಕೂತ ಸರಕನ್ನು ಬ್ಯಾಂಕಿನವರು ಸಾಲದ ಮಿತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ ಆ ತಿಂಗಳ ಸಂಬಳವನ್ನು ಮನೆಯ ಚಿನ್ನ ಅಡವಿಟ್ಟು ಕೊಟ್ಟೆ. ಪೀಣ್ಯದಲ್ಲಿ ಇದು ಹೊಸ ಸಂಗತಿಯಲ್ಲ, ದೊಡ್ಡ ಸಂಗತಿಯೂ ಅಲ್ಲ.

ಕೆಲವು ತಿಂಗಳ ನಂತರ ಪರವಾನಗಿಗಳು ಸ್ವಲ್ಪ ಸಡಿಲವಾಗಿ ಮ್ಯಾಗ್ನೆಟ್ ಮತ್ತೆ ಬರತೊಡಗಿದಾಗ, ಕಂಪನಿ ಪೂರೈಕೆದಾರರ ಸಭೆ ಕರೆದು, ಇನ್ನು ಮುಂದೆ ಸರಕನ್ನು ಬೇಕಾದ ಹೊತ್ತಿಗಷ್ಟೇ ತರಿಸುವ ‘ಸಮಯಕ್ಕೆ ಸರಿಯಾಗಿ’ ಎಂಬ ಪದ್ಧತಿ ನಡೆಯುವುದಿಲ್ಲ, ಮುಂಚೆಯೇ ಕೂಡಿಟ್ಟುಕೊಳ್ಳುವ ‘ಬೇಕಾದೀತು, ಇರಲಿ’ ಎಂಬ ಪದ್ಧತಿಗೆ ಬದಲಾಗುತ್ತೇವೆ ಎಂದಿತು. ಸಲಹೆಗಾರರ ಭಾಷೆಯಲ್ಲಿ ಇದಕ್ಕೆ ಬಫರ್ ಸ್ಟಾಕ್ ಎಂದು ಹೆಸರು. ನಮ್ಮ ಪಾಲಿಗೆ ಅದರ ಅರ್ಥ ಇಷ್ಟು: ಮೊದಲು ಒಂದು ವಾರದ ಸರಕನ್ನು ಸಿದ್ಧ ಇಟ್ಟುಕೊಳ್ಳುತ್ತಿದ್ದವರು ಈಗ ಆರು ವಾರಗಳ ಸರಕನ್ನು ನಮ್ಮ ಶೆಡ್ಡಿನಲ್ಲಿ, ನಮ್ಮ ಹಣದಲ್ಲಿ, ನಮ್ಮ ವಿಮೆಯಲ್ಲಿ ಇಟ್ಟುಕೊಳ್ಳಬೇಕು, ಮತ್ತು ಪ್ರತಿ ಸಂಜೆ ಆರು ಗಂಟೆಯೊಳಗೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅದರ ಎಣಿಕೆಯನ್ನು ಪೋರ್ಟಲ್‌ಗೆ ಏರಿಸಬೇಕು. ಎಣಿಕೆ ಕಡಿಮೆಯಾದರೆ ನಮ್ಮ ಹೆಸರಿನ ಮುಂದೆ ಕೆಂಪು ಬಣ್ಣ ಬರುತ್ತದೆ. ಹೊಸ ತಂತ್ರಜ್ಞಾನದಿಂದ ಸರಪಳಿ ಪಾರದರ್ಶಕವಾಗುತ್ತದೆ ಎಂದು ಓದುತ್ತೇವಲ್ಲ, ಅದು ನಿಜವೇ, ಆದರೆ ಒಂದೇ ಕಡೆಯಿಂದ. ನಮ್ಮ ಮೂಲೆಯ ಕ್ರೇಟಿನಲ್ಲಿ ಎಷ್ಟು ರೋಟರ್ ಇವೆ ಎಂಬುದು ಅವರಿಗೆ ದಿನವೂ ಗೊತ್ತಾಗುತ್ತದೆ. ಅವರ ಉಗ್ರಾಣದಲ್ಲಿ ಎಷ್ಟು ದಿನದ ಮ್ಯಾಗ್ನೆಟ್ ಇದೆ ಎಂಬುದು ನಮಗೆ ಗೊತ್ತಾಗುವುದು ಶೆಡ್ಯೂಲ್ ಸೊನ್ನೆಯಾದ ದಿನ. ಅದೊಂದು ಅಂಕಿ ಮೇ ತಿಂಗಳಲ್ಲೇ ಪೋರ್ಟಲ್‌ನಲ್ಲಿ ಕಂಡಿದ್ದರೆ ನಾನು ಉಕ್ಕು ತರಿಸುತ್ತಲೇ ಇರಲಿಲ್ಲ.

ಈ ಏರ್ಪಾಟಿನಲ್ಲಿ ಕಾನೂನಿನ ಕಣ್ಣಿಗೆ ಬೀಳದ ಒಂದು ಸಂದು ಇದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಕೊಡಬೇಕಾದ ಹಣವನ್ನು, ಒಪ್ಪಂದ ಏನೇ ಇರಲಿ, 45 ದಿನ ಮೀರಿಸುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡಿದ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. 2024ರ ಏಪ್ರಿಲ್‌ನಿಂದ 1961ರ ಆದಾಯ ತೆರಿಗೆ ಕಾಯ್ದೆಯ 43ಬಿ ಕಲಮಿಗೆ ಸೇರಿದ ತಿದ್ದುಪಡಿಯೂ ಇದಕ್ಕೆ ಬಲ ಕೊಟ್ಟಿದೆ. ಅವಧಿಯೊಳಗೆ ಕೊಡದ ಹಣವನ್ನು ಕಂಪನಿ ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು. ಒಳ್ಳೆಯ ಕಾನೂನು, ಅದರಿಂದ ನಮಗೆ ಉಪಕಾರವಾಗಿದೆ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ 45 ದಿನಗಳ ಗಡಿಯಾರ ಓಡಲು ಶುರುವಾಗುವುದು ಸರಕು ಗ್ರಾಹಕರ ಕೈ ಸೇರಿದ ಮೇಲೆ. ಅವರ ಅಪ್ಪಣೆಯಂತೆಯೇ ಮಾಡಿ, ಅವರ ಡ್ರಾಯಿಂಗ್‌ಗೆ ಮಾತ್ರ ಹೊಂದುವ, ಬೇರೆ ಯಾರಿಗೂ ಮಾರಲು ಬಾರದ ಆರು ವಾರಗಳ ಸರಕು ನಮ್ಮ ಶೆಡ್ಡಿನಲ್ಲಿ ಇರುವಷ್ಟು ಕಾಲ ಬಿಲ್ ಹುಟ್ಟುವುದಿಲ್ಲ, ಬಿಲ್ ಹುಟ್ಟದೆ ಗಡಿಯಾರವೂ ಓಡುವುದಿಲ್ಲ. ಬಿಲ್ಲಿನ ಮೇಲೆ ಬೇಗ ಹಣ ಕೊಡಿಸುವ ಟ್ರೆಡ್ಸ್ ವೇದಿಕೆಯೂ ಅಲ್ಲಿ ಕೈಚೆಲ್ಲುತ್ತದೆ. ಹೀಗೆ ಕಂಪನಿಗಳು ತಮ್ಮ ಲೆಕ್ಕಪತ್ರದಲ್ಲಿ ದಾಸ್ತಾನು ಏರಿಸದೆಯೇ ದಾಸ್ತಾನು ಹೊಂದಿವೆ. ಸರಪಳಿ ಗಟ್ಟಿಯಾಯಿತು ಎಂದು ಹೂಡಿಕೆದಾರರಿಗೆ ಹೇಳಬಹುದು, ಬಡ್ಡಿ ಕಟ್ಟುವವರು ಮಾತ್ರ ಬೇರೆ.

ಬೇರೆ ರೀತಿಯಲ್ಲೂ ನಡೆದುಕೊಳ್ಳಬಹುದು ಎಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. ಸಮಯಕ್ಕೆ ಸರಿಯಾಗಿ ತರಿಸುವ ಪದ್ಧತಿಯನ್ನು ಲೋಕಕ್ಕೆ ಕಲಿಸಿದ ಟೊಯೊಟಾ ಕಂಪನಿಗೆ ಬ್ರೇಕಿನ ಒಂದು ಪುಟ್ಟ ಕವಾಟವನ್ನು ಬಹುಪಾಲು ಪೂರೈಸುತ್ತಿದ್ದುದು ಐಸಿನ್ ಸೈಕಿ ಎಂಬ ಕಂಪನಿಯ ಒಂದೇ ಕಾರ್ಖಾನೆ. 1997ರ ಫೆಬ್ರುವರಿ 1ರಂದು ಅದಕ್ಕೆ ಬೆಂಕಿ ಬಿತ್ತು. ಎರಡು ಮೂರು ದಿನಕ್ಕೆ ಮಿಕ್ಕಿದ ದಾಸ್ತಾನು ಇರಲಿಲ್ಲ, ಜಪಾನಿನಲ್ಲಿ ಟೊಯೊಟಾದ ಉತ್ಪಾದನೆ ಹೆಚ್ಚುಕಡಿಮೆ ನಿಂತೇ ಹೋಯಿತು. ಆಗ ಡ್ರಾಯಿಂಗ್‌ಗಳನ್ನು ಹಂಚಿಕೊಂಡು, ಸಿಕ್ಕ ಸಿಕ್ಕ ಮೆಷಿನ್‌ಗಳ ಮೇಲೆ ಕವಾಟ ಕೊರೆಯಲು ನಿಂತದ್ದು ಸುಮಾರು 200 ಸಂಸ್ಥೆಗಳು. ಹೊಲಿಗೆ ಯಂತ್ರ ತಯಾರಿಸುವ ಬ್ರದರ್ ಕಂಪನಿಯೂ ಅವರಲ್ಲಿತ್ತು. ಒಂದು ವಾರ ಕಳೆಯುವುದರಲ್ಲಿ ಕಾರುಗಳು ಮತ್ತೆ ಹೊರಬರತೊಡಗಿದವು. ಈ ಭಾಗವನ್ನು ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಎಲ್ಲರೂ ಪಾಠ ಮಾಡುತ್ತಾರೆ. ಅಷ್ಟಾಗಿ ಹೇಳದೆ ಬಿಡುವುದು ಇದರ ಮುಂದಿನದನ್ನು. ನೆರವಾದವರ ನೇರ ಖರ್ಚನ್ನು ಐಸಿನ್ ತುಂಬಿಕೊಟ್ಟಿತು, ಟೊಯೊಟಾ ತನ್ನ ಮೊದಲ ಹಂತದ ಪೂರೈಕೆದಾರರಿಗೆ ಆ ತ್ರೈಮಾಸಿಕದ ವಹಿವಾಟಿನ ಶೇ 1ರಷ್ಟು ಹಣ ಕೊಟ್ಟಿತು. ಸಭೆಯಲ್ಲಿ ಈ ಕಥೆಯ ಮೊದಲರ್ಧವನ್ನು ನಮಗೂ ಪರದೆಯ ಮೇಲೆ ತೋರಿಸಿದ್ದರು. ಉಳಿದರ್ಧವನ್ನು ನಾನೇ ಓದಿಕೊಂಡೆ.

ನಿಜವಾದ ಹೊಂದಾಣಿಕೆ ಎಂದರೆ ವಿನ್ಯಾಸವನ್ನೇ ಬದಲಿಸುವುದು ಎಂದು ನನ್ನ ಅಭಿಪ್ರಾಯ, ಅದಕ್ಕೆ ಕಾಲ ಹಿಡಿಯುತ್ತದೆ. ಕೆಲವು ದ್ವೀಪಗಳ ಒಡೆತನದ ಬಗ್ಗೆ ಎರಡು ದೇಶಗಳಿಗಿದ್ದ ಜಗಳದ ನಡುವೆ 2010ರಲ್ಲಿ ಚೀನಾದ ಈ ಖನಿಜಗಳು ಜಪಾನಿಗೆ ಬರುವುದು ನಿಂತಾಗ ಜಪಾನೀಯರು ಆಸ್ಟ್ರೇಲಿಯಾದ ಲೈನಾಸ್ ಗಣಿ ಕಂಪನಿಗೆ ಹಣ ಹೂಡಿದರು. ಇನ್ನೊಂದು ಕಡೆ ಹೋಂಡಾ, ದೈದೊ ಸ್ಟೀಲ್ ಜೊತೆಗೂಡಿ, ಡಿಸ್ಪ್ರೋಸಿಯಂ ಮತ್ತು ಟರ್ಬಿಯಂ ಬೇಡದ ಮ್ಯಾಗ್ನೆಟ್‌ನ ಮೋಟರನ್ನು 2016ರಲ್ಲಿ ತನ್ನ ಹೈಬ್ರಿಡ್ ಕಾರಿಗೆ ಕೂರಿಸಿತು. ಪೆಟ್ಟು ಬಿದ್ದು ಆರು ವರ್ಷಕ್ಕೆ ಸಿಕ್ಕ ಫಲ ಅದು. ನಮ್ಮಲ್ಲೂ ಈಗ ಅಪರೂಪದ ಖನಿಜ ಬೇಡದ ಫೆರೈಟ್ ಮ್ಯಾಗ್ನೆಟ್‌ನ ಮೋಟರ್, ಮ್ಯಾಗ್ನೆಟ್ಟೇ ಇಲ್ಲದ ಮೋಟರ್ ಎಂದು ಹಲವರು ಪ್ರಯತ್ನ ನಡೆಸಿದ್ದಾರೆ, ನಡೆಸಲೇಬೇಕು. ಫೆರೈಟ್ ಅಗ್ಗ, ಧಾರಾಳವಾಗಿ ಸಿಗುತ್ತದೆ, ಆದರೆ ಬಲ ಕಡಿಮೆ. ಅಷ್ಟೇ ಎಳೆಯಬೇಕಾದರೆ ರೋಟರ್ ದೊಡ್ಡದಾಗಬೇಕು, ಸೀಳಿನ ಆಕಾರ ಬೇರೆಯಾಗಬೇಕು. ಅಂದರೆ ನಮ್ಮಲ್ಲಿರುವ ಫಿಕ್ಸ್ಚರ್, ಗೇಜ್, ಪ್ರೆಸ್ಸಿಂಗ್ ಟೂಲ್ ಎಲ್ಲವೂ ಗುಜರಿಗೆ. ಅವುಗಳ ಖರ್ಚನ್ನು ಒಂದೊಂದು ರೋಟರ್‌ನ ಬೆಲೆಗೆ ಒಂದಿಷ್ಟು ಪೈಸೆ ಸೇರಿಸಿ ಮೂರು ವರ್ಷಗಳಲ್ಲಿ ವಸೂಲಿ ಮಾಡಿಕೊಳ್ಳುವ ಲೆಕ್ಕ ನಮ್ಮದಾಗಿತ್ತು, ಈಗ ಹದಿನಾಲ್ಕು ತಿಂಗಳಾಗಿದೆ. ವಿನ್ಯಾಸ ಬದಲಿಸುವ ಕಂಪನಿಯು ಹಳೆಯ ವಿನ್ಯಾಸಕ್ಕೆ ಹಾಕಿಸಿದ ಹಣವನ್ನು ಲೆಕ್ಕ ಮುಗಿಸಿಯೇ ಹೊಸ ಡ್ರಾಯಿಂಗ್ ಕಳಿಸಬೇಕಲ್ಲವೇ?

ಕೇಂದ್ರ ಸಚಿವ ಸಂಪುಟ 2025ರ ನವೆಂಬರ್ 26ರಂದು ವರ್ಷಕ್ಕೆ 6,000 ಟನ್ ಮ್ಯಾಗ್ನೆಟ್ ದೇಶದಲ್ಲೇ ತಯಾರಾಗಲಿ ಎಂದು ₹7,280 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಏಳು ವರ್ಷಗಳ ಯೋಜನೆ, ಅದರಲ್ಲಿ ಮೊದಲ ಎರಡು ವರ್ಷ ಕಾರ್ಖಾನೆ ಕಟ್ಟುವುದಕ್ಕೇ ಬೇಕು. ಸ್ವಾಗತಾರ್ಹವೇ ಸರಿ. ಆ ಎರಡು ವರ್ಷವನ್ನು ಯಾರು ದಾಟಿಸುತ್ತಾರೆ ಎಂಬುದು ಪೀಣ್ಯ, ಬೊಮ್ಮಸಂದ್ರ, ವಸಂತನರಸಾಪುರದ ಶೆಡ್ಡುಗಳಲ್ಲಿ ಕೂತವರ ಪ್ರಶ್ನೆ. ಸಬ್ಸಿಡಿ ಕೊಡಿ ಎಂದು ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಗ್ರಾಹಕ ಕಂಪನಿ ಲಿಖಿತವಾಗಿ ಇಡಲು ಹೇಳಿದ ದಾಸ್ತಾನನ್ನು, ಅದು ಸಿದ್ಧವಾಗಿ ಪೋರ್ಟಲ್‌ನಲ್ಲಿ ದಾಖಲಾದ ದಿನದಿಂದಲೇ ತಲುಪಿಸಿದ ಸರಕೆಂದು ಎಣಿಸುವಂತೆ 2006ರ ಕಾಯ್ದೆಯಲ್ಲಿ ಒಂದು ವಿವರಣೆ ಸೇರಿಸಿದರೆ ಸಾಕು. ದಾಖಲೆ ಹೇಗೂ ಅವರ ಕಂಪ್ಯೂಟರ್‌ನಲ್ಲೇ ಇರುತ್ತದೆ, ಪ್ರತಿದಿನ ಸಂಜೆ ಆರು ಗಂಟೆಗೆ ನಾವೇ ಏರಿಸಿದ್ದು. ರಾಜ್ಯ ಸರ್ಕಾರವಂತೂ ಕೇಂದ್ರಕ್ಕಾಗಿ ಕಾಯಬೇಕಾಗಿಯೂ ಇಲ್ಲ. 2025–30ರ ಕೈಗಾರಿಕಾ ನೀತಿಯಡಿ ದೊಡ್ಡ ಕಂಪನಿಗಳಿಗೆ ಪ್ರೋತ್ಸಾಹಧನ ಮಂಜೂರು ಮಾಡುವಾಗ, ಅವು ತಮ್ಮ ಸಣ್ಣ ಪೂರೈಕೆದಾರರಿಗೆ ಕೊಟ್ಟ ಶೆಡ್ಯೂಲನ್ನು ಎಷ್ಟು ದಿನ ಮುಂಚಿತವಾಗಿ ಬದಲಿಸಿವೆ, ರದ್ದಾದ ಸರಕಿಗೆ ಏನು ಕೊಟ್ಟಿವೆ ಎಂಬ ವಿವರ ಕೇಳುವ ಒಂದು ನಮೂನೆಯನ್ನು ಅರ್ಜಿಗೆ ಲಗತ್ತಿಸಬಹುದು.

ಜೂನ್ ತಿಂಗಳ ಆ ರೋಟರ್‌ಗಳಲ್ಲಿ ಒಂದು ಭಾಗ ಇನ್ನೂ ನಮ್ಮಲ್ಲೇ ಇದೆ. ಎರಡು ಸಲ ಎಣ್ಣೆ ಬಳಿಸಿದ್ದೇನೆ. ಹೊಸ ವಿನ್ಯಾಸ ಬಂದ ಮೇಲೂ ಅವುಗಳನ್ನು ತೆಗೆದುಕೊಳ್ಳುತ್ತೀರಾ ಎಂದು ಕಂಪನಿಗೆ ಮೂರು ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ. ಪೋರ್ಟಲ್‌ನಲ್ಲಿ ಮಾತ್ರ ಅವು ಇವತ್ತಿಗೂ ‘ಲಭ್ಯವಿರುವ ದಾಸ್ತಾನು’ ಎಂಬ ಕಾಲಂನಲ್ಲಿ ಹಸಿರು ಬಣ್ಣದಲ್ಲಿ ಕಾಣುತ್ತಿವೆ.

ಇತಿ ತಮ್ಮ ವಿಶ್ವಾಸಿ,
ಸಣ್ಣ ಕೈಗಾರಿಕಾ ಘಟಕವೊಂದರ ಮಾಲೀಕ
ಪೀಣ್ಯ, ಬೆಂಗಳೂರು