ಕಂಪ್ಯೂಟರ್ ಖರೀದಿ: ಪ್ರೊಸೆಸರ್ ಯಾವುದು, ಶನಿವಾರದೊಳಗೆ ತಿಳಿಸಿರಿ

ಎಲ್ಲರಿಗೂ ನಮಸ್ಕಾರ. ಕೂಡಿ ಕಂಪ್ಯೂಟರ್ ಕೊಳ್ಳಲು ಹೆಸರು ಕೊಟ್ಟವರು ರವಿವಾರ ಮುಂಜಾನೆ 11ಕ್ಕೆ ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಗೆ ಬರ್ರಿ.

ಪ್ರೊಸೆಸರ್ (ಕಂಪ್ಯೂಟರ್ ನಡೆಸುವ ಮುಖ್ಯ ಚಿಪ್) ಇಂಟೆಲ್ಲೋ ಎಎಂಡಿಯೋ ಅಂತ ಬಹಳ ಮಂದಿ ಕೇಳ್ಯಾರ. ಎರಡೂ ಛಲೋ ಅದಾವ. ಕಂಪನಿ ಹೆಸರಿಗಿಂತ ಡಬ್ಬಿ ಮೇಲಿನ ಮಾದರಿ ಸಂಖ್ಯೆಯನ್ನು ಕೊನೇ ಅಕ್ಷರದತನಕ ಓದ್ರಿ. ಇಂಟೆಲ್ ಐ5-12400ಎಫ್‌ನ ಆ ‘ಎಫ್’ ಅಂದರೆ ಒಳಗೆ ಗ್ರಾಫಿಕ್ಸ್ (ಪರದೆಗೆ ಚಿತ್ರ ಕಳಿಸುವ ಭಾಗ) ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಫ್ಯಾನ್ ತಿರುಗುತ್ತದೆ, ಮಾನಿಟರ್ ಮಾತ್ರ ಕಪ್ಪಗೇ ಇರುತ್ತದೆ. ಎಎಂಡಿಯ ರೈಜೆನ್ 5 5600ಕ್ಕೂ ಇದೇ ಮಾತು. 5600ಜಿ ತಗೊಂಡರೆ ಆ ಚಿಂತೆಯಿಲ್ಲ. ಒಳಗಿನ ಗ್ರಾಫಿಕ್ಸನ್ನೇ ನಂಬುವವರು 16 ಜಿಬಿಯ ಒಂದು ರ‍್ಯಾಮ್ ಬದಲು 8 ಜಿಬಿಯ ಎರಡು ಹಾಕಿಸಿರಿ, ವೇಗ ಎದ್ದು ಕಾಣುತ್ತದೆ.

ಲ್ಯಾಪ್‌ಟಾಪ್ ಕೊಳ್ಳುವವರಿಗೆ: ರೈಜೆನ್ 7520ಯು ಹೊಸದೆನಿಸಿದರೂ ಒಳಗಿರುವುದು ಹಳೇ ಝೆನ್ 2 (ಝೆನ್ ಅಂದರೆ ಎಎಂಡಿ ಚಿಪ್ಪಿನ ಒಳವಿನ್ಯಾಸದ ಹೆಸರು). ಮೂರನೇ ಅಂಕಿ ನೋಡ್ರಿ; 7530ಯು ಅಂದರೆ ಝೆನ್ 3. 7520ಯು ಇದ್ದಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಆಮೇಲೆ ಹೆಚ್ಚಿಸಲಾಗದು.

ಮುಂದೆ ಪ್ರೊಸೆಸರ್ ಮಾತ್ರ ಬದಲಿಸುವ ಇರಾದೆಯಿದ್ದರೆ ನನ್ನ ಮತ ಎಎಂಡಿಯ ಎಎಂ5 (ಪ್ರೊಸೆಸರ್ ಕೂರಿಸುವ ಸಾಕೆಟ್ಟಿನ ಹೆಸರು) ಬೋರ್ಡಿಗೆ. ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು, ಮನೆಯಲ್ಲಿರುವ ಡಿಡಿಆರ್4 ಕೂಡುವುದಿಲ್ಲ. ಇಂಟೆಲ್ 13, 14ನೇ ಪೀಳಿಗೆಯ ಡೆಸ್ಕ್‌ಟಾಪ್ ಐ7, ಐ9 ಕೊಳ್ಳುವವರು ಅಂಗಡಿಯಲ್ಲೇ ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಸಿರಿ. ಹಳೇ ಬಯಾಸ್‌ನಲ್ಲಿ ವೋಲ್ಟೇಜ್ ಹೆಚ್ಚಾಗಿ ಚಿಪ್ ಕೆಡುವ ತೊಂದರೆ ಇತ್ತು. 2024ರಲ್ಲಿ ಇಂಟೆಲ್ ತಿದ್ದುಪಡಿ ಕೊಟ್ಟಿದೆ.

ಶನಿವಾರ ಸಂಜೆ 6ರೊಳಗೆ ಇಲ್ಲೇ ಬರೆಯಿರಿ: ಡೆಸ್ಕ್‌ಟಾಪೋ ಲ್ಯಾಪ್‌ಟಾಪೋ, ಯಾವ ಕೆಲಸಕ್ಕೆ, ಎಷ್ಟು ರೊಕ್ಕದೊಳಗೆ. ಅಂಗಡಿಯವರು ಕೊಟ್ಟ ಕೊಟೇಶನ್ ಇದ್ದರೆ ಫೋಟೋ ಹಾಕಿರಿ.